ಮೂರು ವರ್ಷ ವಿದೇಶದಲ್ಲಿ ಇರೋದಕ್ಕೆ ಟ್ರಾವೆಲ್ ಇನ್ಶೂರೆನ್ಸ್ ಸಾಕಾ?

ಪ್ರಶ್ನೆ: ನನಗೆ 54 ವರ್ಷ, ಹೆಂಡತಿಗೆ 49. ಕಂಪನಿ ಕೆಲಸ ಬಿಟ್ಟು ಈಗ ಸ್ವಂತವಾಗಿ ಆನ್‌ಲೈನ್‌ನಲ್ಲೇ ಕೆಲಸ ಮಾಡುತ್ತೇನೆ. ಮುಂದಿನ ಎರಡು ಮೂರು ವರ್ಷ ವಿದೇಶದಲ್ಲಿ ಇರೋಣ ಅಂತ ತೀರ್ಮಾನಿಸಿದ್ದೇವೆ. ಮೊದಲ ವರ್ಷ ಒಂದೇ ದೇಶ, ಆಮೇಲೆ ಬೇರೆ ಕಡೆ. ಆರು ವರ್ಷದಿಂದ ನನಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆಯಲ್ಲೇ ಹಿಡಿತದಲ್ಲಿದೆ. "180 ದಿನದ ಟ್ರಾವೆಲ್ ಇನ್ಶೂರೆನ್ಸ್ ತಗೊಳ್ಳಿ, ಮುಗಿದ ಮೇಲೆ ಎಕ್ಸ್‌ಟೆಂಡ್ ಮಾಡಿಸಿದರಾಯ್ತು" ಅಂತ ಏಜೆಂಟ್ ಹೇಳುತ್ತಿದ್ದಾರೆ. ಇಷ್ಟು ಸಾಕಾ? ಇಲ್ಲಿರುವ ಹಳೇ ಹೆಲ್ತ್ ಪಾಲಿಸಿ ನಿಲ್ಲಿಸಿಬಿಡಲಾ?

ಉತ್ತರ: ಸಾಕಾಗಲ್ಲ. ಏಜೆಂಟ್ ಸುಳ್ಳು ಹೇಳಿದ್ದಾರೆ ಅಂತಲ್ಲ. 180 ದಿನದ ಪಾಲಿಸಿ ಸಿಗುತ್ತದೆ, ಬಹಳಷ್ಟು ಸಲ ಎಕ್ಸ್‌ಟೆಂಡ್ ಕೂಡ ಆಗುತ್ತದೆ. ಆದರೆ ಆ ಪಾಲಿಸಿ ಇರುವುದು ಹೋಗಿ ನೋಡಿ ವಾಪಸ್ ಬರುವವರಿಗೆ. ನೀವು ಹೋಗಿ ಅಲ್ಲೇ ಸಂಸಾರ ಹೂಡುವವರು.

ಟ್ರಾವೆಲ್ ಇನ್ಶೂರೆನ್ಸ್ ಒಂದು ವಿಷಯವನ್ನು ಮೊದಲೇ ಅಂದುಕೊಂಡುಬಿಟ್ಟಿರುತ್ತದೆ: ನಿಮಗೆ ಊರಿನಲ್ಲಿ ಮನೆ ಇದೆ, ಗೊತ್ತಿರುವ ಡಾಕ್ಟರು ಇದ್ದಾರೆ, ಚಿಕಿತ್ಸೆಯ ದೊಡ್ಡ ಭಾಗ ಅಲ್ಲೇ ಆಗುತ್ತದೆ. ಹಾಗಾಗಿ ಪರದೇಶದಲ್ಲಿ ಏನಾದರೂ ಆದರೆ ಜೀವ ಉಳಿಸುವುದು, ವಿಮಾನ ಹತ್ತುವಷ್ಟು ಸುಧಾರಿಸುವುದು, ವಾಪಸ್ ಕಳಿಸುವುದು, ಇಷ್ಟೇ ಅದರ ಕೆಲಸ. ಪಾಲಿಸಿ ಪುಸ್ತಕ ತೆಗೆದು ನೋಡಿ. "ವಾಪಸ್ ಬರುವವರೆಗೆ ಕಾಯಲು ಆಗದ ಚಿಕಿತ್ಸೆ" ಎನ್ನುವ ಅರ್ಥದ ಒಂದು ಸಾಲು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಕಾಯಬಹುದಾದ ಚಿಕಿತ್ಸೆಗೆ ಅವರು ದುಡ್ಡು ಕೊಡುವುದಿಲ್ಲ. ಯಾವುದು ಕಾಯಬಹುದು, ಯಾವುದು ಕಾಯಬಾರದು ಅಂತ ನಿರ್ಧಾರ ಮಾಡುವುದು ನೀವಲ್ಲ, ಅವರ ಡಾಕ್ಟರು.

ನಾನು ಕ್ಲೇಮ್ ನೋಡುವ ಕೆಲಸದಲ್ಲಿದ್ದಾಗ ಬಂದ ಒಂದು ಫೈಲ್ ಇನ್ನೂ ನೆನಪಿದೆ. ನಿಮ್ಮ ವಯಸ್ಸಿನವರೇ. 180 ದಿನದ ಪಾಲಿಸಿ ತಗೊಂಡು ಹೋಗಿದ್ದರು. ನಾಲ್ಕನೇ ತಿಂಗಳು ರಾತ್ರಿ ಹೊಟ್ಟೆನೋವು, ವಾಂತಿ. ಆಸ್ಪತ್ರೆಗೆ ಹೋದರೆ ಪಿತ್ತಕೋಶದಲ್ಲಿ ಕಲ್ಲು. ಎರಡು ದಿನ ಡ್ರಿಪ್, ಆಂಟಿಬಯಾಟಿಕ್, ಸ್ಕ್ಯಾನ್. ಅದರ ಬಿಲ್ಲನ್ನು ಕಂಪನಿ ತಕರಾರಿಲ್ಲದೆ ಕಟ್ಟಿತು. ಅಲ್ಲಿನ ಡಾಕ್ಟರು ಪಿತ್ತಕೋಶ ತೆಗೆಸಿಬಿಡಿ, ಇಲ್ಲದಿದ್ದರೆ ಮತ್ತೆ ಬರುತ್ತದೆ ಅಂದರು. ಕಂಪನಿಯವರು ಆಪರೇಷನ್ ತುರ್ತಲ್ಲ, ಊರಿಗೆ ಹೋಗಿ ಮಾಡಿಸಿಕೊಳ್ಳಿ ಅಂದರು. ಇವರು ನೋವು ಹೋಯಿತಲ್ಲ ಅಂತ ಸುಮ್ಮನಾದರು. ಆರನೇ ತಿಂಗಳು ಪಾಲಿಸಿ ಎಕ್ಸ್‌ಟೆಂಡ್ ಮಾಡಿಸಿದರು. ಎಂಟನೇ ತಿಂಗಳು ಅದೇ ನೋವು, ಈ ಸಲ ಜ್ವರವೂ ಸೇರಿ ಆಪರೇಷನ್ ಮಾಡಲೇಬೇಕಾಯಿತು. ಕ್ಲೇಮ್ ಬಂತು. ತಿರಸ್ಕಾರವೂ ಆಯಿತು. ಕಾರಣ ಒಂದೇ ಸಾಲು: ಎಕ್ಸ್‌ಟೆನ್ಷನ್ ಶುರುವಾದ ದಿನಕ್ಕೆ ಈ ಕಾಯಿಲೆ ಮೊದಲೇ ಇತ್ತು.

ಎಕ್ಸ್‌ಟೆನ್ಷನ್ ಅಂದರೆ ಹಳೇ ಪಾಲಿಸಿಯನ್ನೇ ಉದ್ದ ಮಾಡುವುದು ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಕಂಪನಿಗಳ ಲೆಕ್ಕದಲ್ಲಿ ಅದು ಹೊಸ ಪಾಲಿಸಿ. ಮೊದಲ ಆರು ತಿಂಗಳಲ್ಲಿ ಏನೇನು ಕಾಣಿಸಿಕೊಂಡಿತೋ ಅದೆಲ್ಲ ಎರಡನೇ ಆರು ತಿಂಗಳಿಗೆ ಹಳೇ ಕಾಯಿಲೆ. ಹಾಗಾದರೆ ಮೂರು ವರ್ಷದಲ್ಲಿ ಐದಾರು ಸಲ ಈ ಬಾಗಿಲು ಮುಚ್ಚಿ ತೆರೆಯುತ್ತದೆ. ಪ್ರತಿ ಸಲವೂ ಒಂದಿಷ್ಟು ಕಾಯಿಲೆ ಹೊರಗೆ ಉಳಿಯುತ್ತದೆ. ಸಾಮಾನ್ಯವಾಗಿ ಎಕ್ಸ್‌ಟೆನ್ಷನ್‌ಗೂ ಒಂದು ಮಿತಿ ಇರುತ್ತದೆ. ಅದು ಮುಗಿದರೆ ಊರಿಗೆ ಬಂದು ಮತ್ತೆ ಹೊರಡಬೇಕು. ಯಾಕೆಂದರೆ ಎಷ್ಟೋ ಟ್ರಾವೆಲ್ ಪಾಲಿಸಿಗಳು ಆಗಲೇ ದೇಶ ಬಿಟ್ಟವರಿಗೆ ಸಿಗುವುದೇ ಇಲ್ಲ.

ವರ್ಷಪೂರ್ತಿಯ ಮಲ್ಟಿ ಟ್ರಿಪ್ ಪಾಲಿಸಿಯಲ್ಲೂ ಇಂಥದ್ದೇ ಒಂದು ಗುಂಡಿ ಇದೆ, ಅದಕ್ಕೆ ಬಿದ್ದವನು ನಾನೇ. ವರ್ಷದ ಪಾಲಿಸಿ ಅಂದರೂ ಒಂದೊಂದು ಪ್ರಯಾಣಕ್ಕೆ 30, 45, 60 ಅಥವಾ 90 ದಿನ ಅಂತ ಮಿತಿ ಇರುತ್ತದೆ. ನನ್ನದು 60 ದಿನದ್ದು. ಕೆಲಸ ಮುಗಿಯಲಿಲ್ಲ, ನಾಲ್ಕು ದಿನ ಜಾಸ್ತಿ ಉಳಿದೆ. 63ನೇ ದಿನ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿಯಿತು. ಬೇರೆಯವರ ಕ್ಲೇಮಿನಲ್ಲಿ ದಿನ ಎಣಿಸಿ ಕೆಂಪು ಗುರುತು ಹಾಕುತ್ತಿದ್ದವನು ನಾನು. ನನ್ನ ಬಿಲ್ಲು ನಾನೇ ಕಟ್ಟಿಕೊಂಡೆ.

ಹಾಗಾದರೆ ದೀರ್ಘಕಾಲ ಇರುವವರು ಏನು ಮಾಡಬೇಕು? ದಾರಿ ಎರಡು. ಹೋಗುವ ದೇಶದ ವ್ಯವಸ್ಥೆಗೆ ಸೇರಿಕೊಳ್ಳುವುದು. ಇಲ್ಲವೇ ಇಂಟರ್‌ನ್ಯಾಷನಲ್ ಹೆಲ್ತ್ ಇನ್ಶೂರೆನ್ಸ್ ಅನ್ನುವ ಬೇರೆಯದೇ ಪಾಲಿಸಿ ತಗೊಳ್ಳುವುದು. ಕೆಲವರಿಗೆ ಎರಡೂ ಬೇಕಾಗುತ್ತದೆ.

ಮೊದಲು ದೇಶದ ವ್ಯವಸ್ಥೆ. ಎಷ್ಟೋ ದೇಶಗಳಲ್ಲಿ ಇದು ನಿಮ್ಮ ಇಷ್ಟಕ್ಕೆ ಬಿಟ್ಟ ವಿಷಯವೇ ಅಲ್ಲ. ಜಪಾನಿನಲ್ಲಿ ಮೂರು ತಿಂಗಳಿಗಿಂತ ಜಾಸ್ತಿ ಇರಲು ಅನುಮತಿ ಪಡೆದು ವಾಸ ನೋಂದಾಯಿಸಿದವರು, ಕೆಲಸದ ಕಡೆಯಿಂದ ವಿಮೆ ಇಲ್ಲದಿದ್ದರೆ, ರಾಷ್ಟ್ರೀಯ ಆರೋಗ್ಯ ವಿಮೆಗೆ ಸೇರಬೇಕು. ಸಾಮಾನ್ಯವಾಗಿ ಬಿಲ್ಲಿನ 30% ನೀವು, ಉಳಿದದ್ದು ವಿಮೆ. ದಕ್ಷಿಣ ಕೊರಿಯಾದಲ್ಲಿ 2019ರ ಜುಲೈನಿಂದ ಆರು ತಿಂಗಳು ಮೀರಿ ಇರುವ ವಿದೇಶಿಯರಿಗೂ ಸರ್ಕಾರಿ ವಿಮೆ ಕಡ್ಡಾಯ. ಸ್ವಿಟ್ಜರ್‌ಲೆಂಡಿನಲ್ಲಿ ವಾಸಕ್ಕೆ ಬಂದ ಮೂರು ತಿಂಗಳೊಳಗೆ ವಿಮೆ ತಗೊಳ್ಳಬೇಕು. ಬ್ರಿಟನ್ನಿನದು ಇನ್ನೊಂದು ಥರ. ಆರು ತಿಂಗಳಿಗಿಂತ ಉದ್ದದ ವೀಸಾಗೆ ಅರ್ಜಿ ಹಾಕುವಾಗಲೇ ಆರೋಗ್ಯ ಸರ್‌ಚಾರ್ಜ್ ಕಟ್ಟಿಸಿಕೊಳ್ಳುತ್ತಾರೆ. 2024ರ ಫೆಬ್ರುವರಿಯಿಂದ ದೊಡ್ಡವರಿಗೆ ಅದು ವರ್ಷಕ್ಕೆ 1,035 ಪೌಂಡ್. ವೀಸಾ ಎಷ್ಟು ವರ್ಷದ್ದೋ ಅಷ್ಟನ್ನೂ ಒಟ್ಟಿಗೇ ಕಟ್ಟಬೇಕು. ಕಟ್ಟಿದ ಮೇಲೆ ಎನ್‌ಎಚ್‌ಎಸ್ ಅನ್ನುವ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯನ್ನು ಹೆಚ್ಚುಕಡಿಮೆ ಅಲ್ಲಿನವರ ಹಾಗೇ ಬಳಸಬಹುದು.

ಸರ್ಕಾರಿ ವ್ಯವಸ್ಥೆಯ ದೊಡ್ಡ ಅನುಕೂಲ ನಿಮ್ಮಂಥವರಿಗೇ ಇರುವುದು. ಸಕ್ಕರೆ ಕಾಯಿಲೆ ಇದೆ ಅಂತ ಅವರು ಸಾಮಾನ್ಯವಾಗಿ ಬಾಗಿಲು ಹಾಕುವುದಿಲ್ಲ. ಆದರೆ ಎರಡು ತೊಡಕುಗಳಿವೆ. ಒಂದು, ಎಲ್ಲ ಕಡೆ ಬಂದ ದಿನವೇ ಶುರುವಾಗುವುದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಬಂದ ತಿಂಗಳಿನ ಉಳಿದ ದಿನಗಳು, ಆಮೇಲೆ ಎರಡು ತಿಂಗಳು ಕಾಯಬೇಕು. ಆ ನಡುವಿನ ಹೊತ್ತಿಗೆ ಬೇರೆ ವಿಮೆ ಬೇಕು. ಇಂಥ ಕಡೆ ಮಾತ್ರ ಟ್ರಾವೆಲ್ ಪಾಲಿಸಿಗೆ ಒಳ್ಳೆ ಕೆಲಸವಿದೆ. ಇನ್ನೊಂದು, ಆ ದೇಶ ಬಿಟ್ಟ ದಿನ ಆ ವಿಮೆಯೂ ನಿಮ್ಮನ್ನು ಬಿಡುತ್ತದೆ. ನೀವು ಒಂದು ವರ್ಷ ಇದ್ದು ಬೇರೆ ದೇಶಕ್ಕೆ ಹೋಗುವವರು. ಆಗ ನಿಮಗೆ 55. ಹೊಸ ಕಡೆ ಹೊಸದಾಗಿ ಶುರು. ವಯಸ್ಸು ಕೆಲವು ಕಡೆ ದೊಡ್ಡ ಅಡ್ಡಿ. ಜರ್ಮನಿಯಲ್ಲಿ ಹಿಂದಿನ ಐದು ವರ್ಷ ಅಲ್ಲಿನ ಸರ್ಕಾರಿ ವಿಮೆಯಲ್ಲಿ ಇಲ್ಲದವರಿಗೆ 55 ದಾಟಿದ ಮೇಲೆ ಅದರೊಳಗೆ ಬರುವ ಬಾಗಿಲು ಬಹುಮಟ್ಟಿಗೆ ಮುಚ್ಚಿದ ಹಾಗೇ.

ಇಲ್ಲೇ ವೀಸಾ ಸರ್ಟಿಫಿಕೇಟಿನ ವಿಷಯವನ್ನೂ ಹೇಳಿಬಿಡುತ್ತೇನೆ. ಇದರಲ್ಲಿ ಮೋಸ ಹೋಗುವವರು ಜಾಸ್ತಿ. ವೀಸಾಗೆ ಕೇಳುವ ವಿಮೆ ಬೇರೆ, ನಿಮಗೆ ಬೇಕಾದ ವಿಮೆ ಬೇರೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ನಡೆಯುವ ಷೆಂಗೆನ್ ಅಲ್ಪಾವಧಿ ವೀಸಾಗೆ ಕನಿಷ್ಠ 30,000 ಯೂರೋ ವಿಮೆ ಇರಬೇಕು. ಆ ವೀಸಾ ಇರುವುದೇ 180 ದಿನದಲ್ಲಿ 90 ದಿನ ಇರುವವರಿಗೆ. ಅದರ ವಿಮೆ ತುರ್ತು ಚಿಕಿತ್ಸೆ, ವಾಪಸ್ ಕಳಿಸುವುದು, ಸಾವು, ಇಷ್ಟನ್ನೇ ಮನಸ್ಸಿನಲ್ಲಿಟ್ಟುಕೊಂಡದ್ದು. ಅದನ್ನು ತೋರಿಸಿ ವರ್ಷ ಇರಬಹುದು ಅಂದುಕೊಳ್ಳಬೇಡಿ. ಸ್ಪೇನ್ ದೀರ್ಘಾವಧಿ ವೀಸಾಗೆ ಸ್ಪೇನಿನಲ್ಲಿ ವ್ಯವಹಾರ ಮಾಡಲು ಅನುಮತಿ ಇರುವ ವಿಮಾ ಕಂಪನಿಯ ಪಾಲಿಸಿಯನ್ನೇ ಕೇಳುತ್ತದೆ. ಎಷ್ಟೇ ದೊಡ್ಡ ಮೊತ್ತದ ಪಾಲಿಸಿ ಇದ್ದರೂ ಆ ಅನುಮತಿ ಇಲ್ಲದಿದ್ದರೆ ಉಪಯೋಗವಿಲ್ಲ. ಅಮೆರಿಕಕ್ಕೆ ವಿನಿಮಯ ಕಾರ್ಯಕ್ರಮದಲ್ಲಿ ಹೋಗುವ ಜೆ-1 ವೀಸಾದವರಿಗೆ ಒಂದು ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ 1,00,000 ಡಾಲರ್, ತುರ್ತಾಗಿ ಬೇರೆಡೆ ಸಾಗಿಸಲು 50,000, ಸತ್ತರೆ ದೇಹ ಕಳಿಸಲು 25,000 ಅಂತ ನಿಯಮವೇ ಇದೆ. ಇವೆಲ್ಲ ಕನಿಷ್ಠ. ಅಮೆರಿಕದ ಆಸ್ಪತ್ರೆ ಬಿಲ್ಲು ಈ ಕನಿಷ್ಠವನ್ನು ನೋಡಿಕೊಂಡು ಬರುವುದಿಲ್ಲ.

ಅಮೆರಿಕದ ಬಗ್ಗೆ ಇನ್ನೊಂದು ತಪ್ಪು ನಂಬಿಕೆ: "ತುರ್ತಿದ್ದರೆ ಅಲ್ಲಿ ದುಡ್ಡಿಲ್ಲದಿದ್ದರೂ ನೋಡುತ್ತಾರೆ." ನೋಡುತ್ತಾರೆ, ನಿಜ. ಎಮರ್ಜೆನ್ಸಿಗೆ ಬಂದವರನ್ನು ದುಡ್ಡು ಕೇಳದೆ ಪರೀಕ್ಷಿಸಿ ಸ್ಥಿರ ಮಾಡಬೇಕು ಅಂತ 1986ರ ಕಾನೂನು ಇದೆ. ಬಿಲ್ ಹಾಕಬಾರದು ಅಂತ ಅದರಲ್ಲಿ ಎಲ್ಲೂ ಇಲ್ಲ.

ಈಗ ಎರಡನೇ ದಾರಿ. ನಿಮಗೆ ನನ್ನ ಸಲಹೆ ಇದೇ. ಇಂಟರ್‌ನ್ಯಾಷನಲ್ ಹೆಲ್ತ್ ಇನ್ಶೂರೆನ್ಸ್ ವರ್ಷಕ್ಕೊಮ್ಮೆ ರಿನ್ಯೂ ಆಗುವ ಪಾಲಿಸಿ. ನೀವಿರುವ ಊರನ್ನೇ ಮನೆ ಅಂತ ಒಪ್ಪಿಕೊಳ್ಳುತ್ತದೆ. ಪಿತ್ತಕೋಶದ ಆಪರೇಷನ್ ಇದ್ದರೆ ಅಲ್ಲೇ ಮಾಡಿಸಿಕೊಳ್ಳಬಹುದು. ಕ್ಯಾನ್ಸರ್ ಬಂದರೆ ಇಡೀ ವರ್ಷದ ಚಿಕಿತ್ಸೆಗೂ ಬರುತ್ತದೆ. ದೇಶ ಬದಲಾಯಿಸಿದರೆ ಪಾಲಿಸಿಯೂ ಜೊತೆಗೆ ಬರುತ್ತದೆ. ತಿಳಿಸಬೇಕು ಅಷ್ಟೇ, ಪ್ರೀಮಿಯಂ ಹೆಚ್ಚುಕಡಿಮೆ ಆಗಬಹುದು. ಟ್ರಾವೆಲ್ ಪಾಲಿಸಿಗೆ ಹೋಲಿಸಿದರೆ ತುಂಬಾ ದುಬಾರಿ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹೋಲಿಸಬೇಕಾದ್ದು ಟ್ರಾವೆಲ್ ಪಾಲಿಸಿಯ ಜೊತೆ ಅಲ್ಲ, ಎರಡೂ ಬೇರೆ ಬೇರೆ ಸಾಮಾನು.

ನಿಮ್ಮ ಸಕ್ಕರೆ ಕಾಯಿಲೆಯ ಹತ್ತಿರ ಬರೋಣ. ಇದರ ಮೇಲೇ ಎಲ್ಲ ನಿಂತಿದೆ.

ಈ ಪಾಲಿಸಿಗಳು ಹಳೇ ಕಾಯಿಲೆಯನ್ನು ಎರಡು ರೀತಿ ನೋಡುತ್ತವೆ. ಒಂದು ರೀತಿಯಲ್ಲಿ ಮೊದಲೇ ಎಲ್ಲ ಕೇಳುತ್ತಾರೆ, ಫಾರಂ ತುಂಬಿಸುತ್ತಾರೆ, ರಿಪೋರ್ಟ್ ತರಿಸುತ್ತಾರೆ, ಆಮೇಲೆ ಹೂಂ ಅಥವಾ ಊಹೂಂ ಅನ್ನುತ್ತಾರೆ. ಇನ್ನೊಂದು ರೀತಿಗೆ ಮೊರಟೋರಿಯಂ ಅನ್ನುತ್ತಾರೆ. ಇದರಲ್ಲಿ ಮೊದಲು ಹೆಚ್ಚೇನೂ ಕೇಳುವುದಿಲ್ಲ, ಫಾರಂ ಅರ್ಧ ಪುಟ. ಹಳೇ ಕಾಯಿಲೆಗಳೆಲ್ಲ ಶುರುವಿಗೆ ಹೊರಗೆ. ಸಾಮಾನ್ಯವಾಗಿ 24 ತಿಂಗಳು ಆ ಕಾಯಿಲೆಗೆ ಲಕ್ಷಣ, ಔಷಧ, ಡಾಕ್ಟರ ಸಲಹೆ ಯಾವುದೂ ಇಲ್ಲದೆ ಕಳೆದರೆ ಆಮೇಲೆ ಒಳಗೆ ಬರುತ್ತದೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಎರಡು ವರ್ಷ ತಾನೇ, ಕಾದರಾಯಿತು ಅನಿಸುತ್ತದೆ. ಆದರೆ ನೀವು ಬೆಳಿಗ್ಗೆ ಎದ್ದು ಮಾತ್ರೆ ನುಂಗುತ್ತೀರಿ. ನುಂಗಿದ ಪ್ರತಿ ದಿನ ಆ 24 ತಿಂಗಳು ಮತ್ತೆ ಒಂದರಿಂದ ಶುರು. ನಿತ್ಯ ಔಷಧ ಇರುವವರಿಗೆ ಮೊರಟೋರಿಯಂ ಎಂದೂ ಮುಗಿಯುವುದಿಲ್ಲ. ಮೊಣಕಾಲು ನೋವು, ಒಮ್ಮೆ ಬಂದು ಹೋದ ಅಲ್ಸರ್, ಇಂಥವಕ್ಕೆ ಅದು ಸರಿ. ನಿಮಗಲ್ಲ.

ಹಾಗಾಗಿ ಮೊದಲ ರೀತಿಯನ್ನೇ ಆರಿಸಿಕೊಳ್ಳಿ. ಕಾಯಿಲೆ ಯಾವಾಗ ಗೊತ್ತಾಯಿತು, ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ ತೋರಿಸುವ ರಕ್ತಪರೀಕ್ಷೆ) ಎಷ್ಟು, ಬಿಪಿ ಎಷ್ಟು, ಕಣ್ಣಿನ ಪರೀಕ್ಷೆ ಮಾಡಿಸಿದ್ದೀರಾ ಅಂತೆಲ್ಲ ಕೇಳುತ್ತಾರೆ. ಎಲ್ಲದಕ್ಕೂ ಇದ್ದದ್ದು ಇದ್ದ ಹಾಗೆ ಬರೆಯಿರಿ. "ಬಾರ್ಡರ್‌ಲೈನ್" ಅಂತ ಬರೆದು ತಪ್ಪಿಸಿಕೊಳ್ಳಬಹುದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ದೊಡ್ಡ ಕ್ಲೇಮ್ ಬಂದಾಗ ಕಂಪನಿ ಮೊದಲು ಮಾಡುವ ಕೆಲಸವೇ ನಿಮ್ಮ ಹಳೇ ಡಾಕ್ಟರ ದಾಖಲೆ ತರಿಸುವುದು. ಆರು ವರ್ಷದ ಮಾತ್ರೆ ಚೀಟಿ ಅದರಲ್ಲಿ ಇದ್ದೇ ಇರುತ್ತದೆ. ಆಗ ಸಕ್ಕರೆಗೆ ಸಂಬಂಧವೇ ಇಲ್ಲದ ಕ್ಲೇಮ್ ಕೂಡ ಹೋಗುತ್ತದೆ, ಪಾಲಿಸಿಯೇ ರದ್ದಾಗಬಹುದು.

ಫಾರಂ ಹೋದ ಮೇಲೆ ಮೂರರಲ್ಲಿ ಒಂದು ಉತ್ತರ ಬರುತ್ತದೆ. ಪ್ರೀಮಿಯಂ ಜಾಸ್ತಿ ಮಾಡಿ ಕಾಯಿಲೆಯನ್ನೂ ಸೇರಿಸಿಕೊಳ್ಳುತ್ತಾರೆ. ಅಥವಾ ಸಕ್ಕರೆ ಕಾಯಿಲೆ ಬಿಟ್ಟು ಉಳಿದದ್ದಕ್ಕೆ ಕೊಡುತ್ತಾರೆ. ಅಥವಾ ಪಾಲಿಸಿಯೇ ಬೇಡ ಅನ್ನುತ್ತಾರೆ. ಎರಡನೇ ಉತ್ತರ ಬಂದರೆ ಅವರು ಯಾವ ಪದ ಬಳಸಿದ್ದಾರೆ ಅಂತ ಭೂತಗನ್ನಡಿ ಹಿಡಿದು ನೋಡಿ. "ಸಕ್ಕರೆ ಕಾಯಿಲೆಗೆ ಅನ್ವಯಿಸುವುದಿಲ್ಲ" ಅಂತಿದ್ದರೆ ಮಾತ್ರೆ, ರಕ್ತಪರೀಕ್ಷೆ ಖರ್ಚು ನಿಮ್ಮದು. ಅದನ್ನು ಹೇಗೋ ನಿಭಾಯಿಸಬಹುದು. "ಸಕ್ಕರೆ ಕಾಯಿಲೆ ಮತ್ತು ಅದಕ್ಕೆ ಸಂಬಂಧಪಟ್ಟ ಎಲ್ಲ ತೊಂದರೆಗಳಿಗೆ" ಅಂತಿದ್ದರೆ ಕಥೆ ಬೇರೆ. ಹೃದಯ, ಕಿಡ್ನಿ, ಕಣ್ಣು, ಪಾರ್ಶ್ವವಾಯು, ಕಾಲಿನ ಗಾಯ, ಇವೆಲ್ಲವನ್ನೂ ಆ ಒಂದು ಪದದೊಳಗೆ ತಳ್ಳಬಹುದು. 54ರ ವಯಸ್ಸಿನಲ್ಲಿ ನಿಮಗೆ ಬರಬಹುದಾದ ದೊಡ್ಡ ಬಿಲ್ಲುಗಳೇ ಅವು. ಅವು ಹೊರಗಿದ್ದರೆ ಪಾಲಿಸಿಯಲ್ಲಿ ಉಳಿಯುವುದು ಬಹುಮಟ್ಟಿಗೆ ಅಪಘಾತ, ಸೋಂಕು, ಕ್ಯಾನ್ಸರ್. ಹೃದಯಾಘಾತ ಆದರೆ ಕೊಡುತ್ತೀರಾ ಇಲ್ಲವಾ ಅಂತ ನೇರವಾಗಿ ಇಮೇಲ್‌ನಲ್ಲಿ ಕೇಳಿ. ಉತ್ತರವೂ ಇಮೇಲ್‌ನಲ್ಲೇ ಬರಬೇಕು. ಫೋನಿನಲ್ಲಿ ಹೇಳಿದ "ಆಗುತ್ತೆ ಸಾರ್" ಕ್ಲೇಮ್ ಹೊತ್ತಿಗೆ ಯಾರ ನೆನಪಿನಲ್ಲೂ ಇರುವುದಿಲ್ಲ.

ಒಂದು ಕಂಪನಿ ಇಲ್ಲ ಅಂದರೆ ಇನ್ನೊಂದು ಹೂಂ ಅನ್ನಬಹುದು. ಆದರೆ ಮುಂದಿನ ಕಂಪನಿಯ ಫಾರಂನಲ್ಲಿ "ಹಿಂದೆ ಯಾರಾದರೂ ತಿರಸ್ಕರಿಸಿದ್ದಾರಾ?" ಅನ್ನುವ ಪ್ರಶ್ನೆ ಇರಬಹುದು. ಅದಕ್ಕೇ ಎರಡು ಮೂರು ಕಡೆ ಒಟ್ಟಿಗೇ ವಿಚಾರಿಸುವುದು ಒಳ್ಳೆಯದು. ಇದೆಲ್ಲ ಒಂದು ವಾರದ ಕೆಲಸ ಅಲ್ಲ. ಹೊರಡುವ ಎರಡು ಮೂರು ತಿಂಗಳು ಮುಂಚೆ ಶುರು ಮಾಡಿ.

ಪ್ರೀಮಿಯಂ ಇಳಿಸಲು ದಾರಿ ಇದೆಯಾ? ಇದೆ. ಎಲ್ಲಕ್ಕಿಂತ ದೊಡ್ಡದು ಅಮೆರಿಕ. "ಇಡೀ ಜಗತ್ತು" ಮತ್ತು "ಅಮೆರಿಕ ಬಿಟ್ಟು ಇಡೀ ಜಗತ್ತು" ಅಂತ ಎರಡು ಬಗೆ ಸಿಗುತ್ತದೆ, ಬೆಲೆಯಲ್ಲಿ ಭಾರೀ ವ್ಯತ್ಯಾಸ. ಅಲ್ಲಿ ವಾಸ ಮಾಡುವುದಿಲ್ಲ ಅಂದರೆ ಬಿಟ್ಟುಬಿಡಿ. ಮಧ್ಯೆ ಎರಡು ವಾರ ಹೋಗುವುದಿದ್ದರೆ ಆ ಎರಡು ವಾರಕ್ಕೆ ಟ್ರಾವೆಲ್ ಪಾಲಿಸಿ ಸಿಗುತ್ತದಾ ನೋಡಿ. ಎರಡನೆಯದು ಡಿಡಕ್ಟಿಬಲ್, ಅಂದರೆ ಮೊದಲ ಇಷ್ಟು ಖರ್ಚು ನಮ್ಮದೇ ಅಂತ ಒಪ್ಪಿಕೊಳ್ಳುವುದು. ಇದನ್ನು ಜಾಸ್ತಿ ಮಾಡಿಕೊಳ್ಳಿ. ಶೀತ ಜ್ವರದ ಬಿಲ್ಲು ಕೈಯಿಂದ ಕಟ್ಟಿದರೆ ಯಾರೂ ಮುಳುಗಿಹೋಗುವುದಿಲ್ಲ. ಆದರೆ ಅದು ವರ್ಷಕ್ಕೊಮ್ಮೆಯೋ, ಪ್ರತಿ ಕಾಯಿಲೆಗೋ ಅಂತ ಕೇಳಿ ತಿಳಿದುಕೊಳ್ಳಿ. ಹೊರರೋಗಿ ಚಿಕಿತ್ಸೆಯನ್ನು ಪೂರ್ತಿ ಬಿಡುವವರೂ ಇದ್ದಾರೆ. ನೀವು ಅದನ್ನು ಯೋಚಿಸಿ ಮಾಡಿ. ಸಕ್ಕರೆ ಕಾಯಿಲೆಗೆ ಒಪ್ಪಿಕೊಂಡ ಪಾಲಿಸಿಯಲ್ಲಿ ನಿಮಗೆ ಪ್ರತಿ ತಿಂಗಳು ಉಪಯೋಗಕ್ಕೆ ಬರುವುದು ಅದೇ ಭಾಗ. ಹೆಂಡತಿಯವರ ಪಾಲಿಸಿಯಲ್ಲಿ ಬೇಕಾದರೆ ಬಿಡಿ. ಇಬ್ಬರದೂ ಒಂದೇ ಥರ ಇರಲೇಬೇಕು ಅಂತ ಇಲ್ಲ.

ಶೇಕಡಾವಾರು ಪಾಲಿನ ಬಗ್ಗೆ ಮಾತ್ರ ಹುಷಾರು. ಡಿಡಕ್ಟಿಬಲ್ 1,000, ಆಮೇಲೆ 20% ನಿಮ್ಮದು ಅಂತ ಇಟ್ಟುಕೊಳ್ಳಿ. 10,000 ಡಾಲರ್ ಬಿಲ್ಲಿಗೆ ನಿಮ್ಮ ಕೈಯಿಂದ ಹೋಗುವುದು 2,800. ಪರವಾಗಿಲ್ಲ ಅನಿಸುತ್ತದೆ. ಬಿಲ್ಲು 1,00,000 ಆದರೆ 20,800. ಬಿಲ್ಲು ದೊಡ್ಡದಾದಷ್ಟೂ ನಿಮ್ಮ ಪಾಲೂ ಬೆಳೆಯುತ್ತದೆ. ವಿಮೆ ತಗೊಳ್ಳುವುದೇ ದೊಡ್ಡ ಬಿಲ್ಲಿಗೆ ಅಲ್ವಾ? ಹಾಗಾಗಿ ವರ್ಷಕ್ಕೆ ನಿಮ್ಮ ಕೈಯಿಂದ ಇಷ್ಟಕ್ಕಿಂತ ಜಾಸ್ತಿ ಹೋಗುವುದಿಲ್ಲ ಅನ್ನುವ ಗರಿಷ್ಠ ಮಿತಿ ಬರೆದಿರಬೇಕು. ಅದು ಇಲ್ಲದ ಪಾಲಿಸಿಯನ್ನು ನಾನಾದರೆ ಮುಟ್ಟುವುದಿಲ್ಲ. ಅದೇ ಥರ, ಅಪಾಯದ ಇನ್ನೊಂದು ಬಗೆ ಅಂದರೆ ದಿನಕ್ಕೆ ಇಷ್ಟು, ಆಪರೇಷನ್‌ಗೆ ಇಷ್ಟು ಅಂತ ಪಟ್ಟಿ ಹಾಕಿ ಕೊಡುವ ಪಾಲಿಸಿಗಳು. ಮುಖಪುಟದಲ್ಲಿ ಒಟ್ಟು ಮೊತ್ತ ದಪ್ಪ ಅಕ್ಷರದಲ್ಲಿ ಇರುತ್ತದೆ. ಒಳಗಿನ ಪಟ್ಟಿಯನ್ನು ಕೂಡಿದರೆ ಆ ಮೊತ್ತದ ಹತ್ತಿರವೂ ಹೋಗುವುದಿಲ್ಲ.

ಇನ್ನು ಏರ್ ಆಂಬುಲೆನ್ಸ್ ಬಗ್ಗೆ. ಬ್ರೋಷರ್‌ನಲ್ಲಿ ಇದರದೇ ಫೋಟೊ ಇರುತ್ತದೆ, ಜನ ಅದನ್ನು ನೋಡಿ ಏನೇ ಆದರೂ ಊರಿಗೆ ಕರೆದುಕೊಂಡು ಹೋಗುತ್ತಾರೆ ಅಂದುಕೊಳ್ಳುತ್ತಾರೆ. ಪಾಲಿಸಿಯಲ್ಲಿ ಇರುವುದು ಸಾಮಾನ್ಯವಾಗಿ "ಸೂಕ್ತ ಚಿಕಿತ್ಸೆ ಸಿಗುವ ಹತ್ತಿರದ ಜಾಗಕ್ಕೆ" ಅಂತ. ಅದು ಪಕ್ಕದ ಊರಿರಬಹುದು, ಪಕ್ಕದ ದೇಶವಿರಬಹುದು. ನೀವಿರುವ ಊರಿನ ಆಸ್ಪತ್ರೆಯಲ್ಲೇ ಆ ಚಿಕಿತ್ಸೆ ಇದ್ದರೆ ಎಲ್ಲಿಗೂ ಇಲ್ಲ. ಅಲ್ಲಿನ ಭಾಷೆ ಬರುವುದಿಲ್ಲ, ಜೊತೆಗೆ ಯಾರೂ ಇಲ್ಲ ಅನ್ನುವುದು ಅವರಿಗೆ ಕಾರಣವಾಗುವುದಿಲ್ಲ. ಸ್ವದೇಶಕ್ಕೇ ಕಳಿಸಬೇಕು ಅಂದರೆ ಆ ಮಾತು ಬೇರೆಯಾಗಿ ಬರೆದಿರಬೇಕು.

ನಿಜವಾಗಿ ನಡೆಯುವುದು ಹೀಗೆ. ಕಂಪನಿಯ ಅಸಿಸ್ಟೆನ್ಸ್, ಅಂದರೆ ತುರ್ತು ನೆರವಿನ, ವಿಭಾಗದ ಡಾಕ್ಟರು ಆಸ್ಪತ್ರೆಯ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡುತ್ತಾರೆ. ಸಾಗಿಸಬೇಕು ಅಂತ ಇಬ್ಬರೂ ಒಪ್ಪಿದರೆ ಹೇಗೆ ಅನ್ನುವ ಪ್ರಶ್ನೆ. ಬಹಳ ಸಲ ಅದು ಫೋಟೊದಲ್ಲಿ ಇರುವ ಪುಟ್ಟ ವಿಮಾನ ಅಲ್ಲ, ಎಲ್ಲರೂ ಹೋಗುವ ವಿಮಾನವೇ. ಸೀಟುಗಳ ಬೆನ್ನು ಮಡಚಿ ಮೇಲೆ ಸ್ಟ್ರೆಚರ್ ಬಿಗಿಯುತ್ತಾರೆ, ಸುತ್ತ ಪರದೆ, ಪಕ್ಕದ ಸೀಟಿನಲ್ಲಿ ನರ್ಸ್. ಇದಕ್ಕೆ ಮೆಡಿಫ್ ಅನ್ನುವ ಫಾರಂ ಡಾಕ್ಟರು ತುಂಬಿ, ವಿಮಾನ ಕಂಪನಿಯ ವೈದ್ಯರು ಒಪ್ಪಬೇಕು. ಎರಡು ಮೂರು ದಿನ ಹಿಡಿಯುವುದುಂಟು. ಆ ದಿನಗಳಲ್ಲಿ ತಡೆಯಲಾಗದೆ ಮನೆಯವರು ತಾವೇ ಆಂಬುಲೆನ್ಸ್ ವಿಮಾನ ಬುಕ್ ಮಾಡಿಬಿಡುತ್ತಾರೆ. ಆ ದುಡ್ಡು ವಾಪಸ್ ಬರುವುದು ತುಂಬಾ ಕಷ್ಟ. ಕಂಪನಿಯೇ ಏರ್ಪಾಡು ಮಾಡಿರಬೇಕು ಅಂತ ಪಾಲಿಸಿಯಲ್ಲಿ ಸ್ಪಷ್ಟವಾಗಿ ಇರುತ್ತದೆ.

ಆಸ್ಪತ್ರೆ ಸೇರುವ ರಾತ್ರಿಗೂ ಇದೇ ಮಾತು. ಕ್ಯಾಶ್‌ಲೆಸ್ ಕಾರ್ಡ್ ತೋರಿಸಿದ ಕೂಡಲೇ ಬಾಗಿಲು ತೆರೆಯುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಆಸ್ಪತ್ರೆಗೆ ಬೇಕಾಗಿರುವುದು ಕಾರ್ಡ್ ಅಲ್ಲ, "ಇಷ್ಟರವರೆಗೆ ನಾವು ಕಟ್ಟುತ್ತೇವೆ" ಅಂತ ಕಂಪನಿ ಕಳಿಸುವ ಗ್ಯಾರಂಟಿ ಪತ್ರ. ರಾತ್ರಿ ಎರಡು ಗಂಟೆಗೆ ಕೌಂಟರಿನಲ್ಲಿ ಕೂತವರು ಕಾರ್ಡನ್ನು ತಿರುಗಿಸಿ ನೋಡಿ, ಕಂಪನಿ ಹೆಸರು ಕೇಳಿಲ್ಲ, ಡೆಪಾಸಿಟ್ ಕಟ್ಟಿ ಅನ್ನುತ್ತಾರೆ. ಅದು ಅವರ ತಪ್ಪೇನಲ್ಲ. ಅಡ್ಮಿಟ್ ಆಗುವ ಮೊದಲು, ಆಗದಿದ್ದರೆ 24 ಗಂಟೆಯೊಳಗೆ ಕಂಪನಿಯ ತುರ್ತು ನಂಬರಿಗೆ ಫೋನ್ ಮಾಡಿ ಕೇಸ್ ನಂಬರ್ ತಗೊಳ್ಳಿ. ಆ ಫೋನನ್ನು ಮಾಡಬೇಕಾದವರು ನಿಮ್ಮ ಹೆಂಡತಿ. ನೀವು ಆಗ ಸ್ಟ್ರೆಚರ್ ಮೇಲೆ ಇರುತ್ತೀರಿ. ಪಾಲಿಸಿ ನಂಬರು, ತುರ್ತು ನಂಬರು, ನಿಮ್ಮ ಮಾತ್ರೆಗಳ ಪಟ್ಟಿ ಅವರ ಫೋನಿನಲ್ಲೂ ಇರಲಿ, ಅವರ ಪರ್ಸಿನಲ್ಲಿ ಕಾಗದದ ಮೇಲೂ ಇರಲಿ. ಮಾತ್ರೆಯ ಬ್ರ್ಯಾಂಡ್ ಹೆಸರು ಬರೆದರೆ ಬೇರೆ ದೇಶದಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಮೆಟ್‌ಫಾರ್ಮಿನ್ ಅನ್ನುವ ಹಾಗೆ ಔಷಧದ ಮೂಲ ಹೆಸರು ಬರೆಯಿರಿ. ಡೆಪಾಸಿಟ್ ಕಟ್ಟುವಷ್ಟು ಮಿತಿ ಇರುವ ಒಂದು ಕ್ರೆಡಿಟ್ ಕಾರ್ಡ್ ಇಟ್ಟುಕೊಂಡಿರಿ.

ಹೊರರೋಗಿ ಬಿಲ್ಲುಗಳಿಗೆ ಸಾಮಾನ್ಯವಾಗಿ ನೀವೇ ಕಟ್ಟಿ ಆಮೇಲೆ ಕ್ಲೇಮ್ ಮಾಡಬೇಕು. ಕಾರ್ಡ್ ಉಜ್ಜಿದ ಚೀಟಿ ಬಿಲ್ ಅಲ್ಲ. ಯಾವ ಪರೀಕ್ಷೆಗೆ ಎಷ್ಟು ಅಂತ ಬಿಡಿಬಿಡಿಯಾಗಿ ಬರೆದ ಬಿಲ್, ಕಾಯಿಲೆಯ ಹೆಸರು ಬರೆದ ಡಾಕ್ಟರ ಚೀಟಿ, ದುಡ್ಡು ಕಟ್ಟಿದ ರಸೀದಿ, ಈ ಮೂರೂ ಬೇಕು. ಊರು ಬಿಟ್ಟ ಮೇಲೆ ಹೋಗಿ ಕೇಳಿದರೆ ಸಿಗುವುದಿಲ್ಲ, ಕೌಂಟರಿನಲ್ಲಿ ನಿಂತಾಗಲೇ ಕೇಳಿ.

ಸ್ಕೂಟರ್ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ದೀರ್ಘಕಾಲ ಇರುವವರು ಮೊದಲ ತಿಂಗಳಲ್ಲೇ ಬಾಡಿಗೆಗೆ ಸ್ಕೂಟರ್ ತಗೊಳ್ಳುತ್ತಾರೆ. ಅಂಗಡಿಯವರು ಲೈಸೆನ್ಸ್ ಕೇಳುವುದಿಲ್ಲ, ಕಂಪನಿಯವರು ಕೇಳುತ್ತಾರೆ. ನಿಮ್ಮ ಲೈಸೆನ್ಸಿನಲ್ಲಿ ದ್ವಿಚಕ್ರ ವಾಹನ ಇರಬೇಕು. ಆ ದೇಶ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಕೇಳುತ್ತಿದ್ದರೆ ಅದರಲ್ಲೂ ಆ ವರ್ಗಕ್ಕೆ ಮುದ್ರೆ ಬಿದ್ದಿರಬೇಕು. 1949ರ ಅಂತಾರಾಷ್ಟ್ರೀಯ ರಸ್ತೆ ಸಂಚಾರ ಒಪ್ಪಂದದ ಪರ್ಮಿಟ್ ಒಂದೇ ವರ್ಷ ನಡೆಯುತ್ತದೆ, ನೀವು ಮೂರು ವರ್ಷ ಇರುವವರು. ಕಾರಿನ ಲೈಸೆನ್ಸ್ ಇಟ್ಟುಕೊಂಡು ಸ್ಕೂಟರಿಂದ ಬಿದ್ದವರ ಫೈಲುಗಳನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಹಲ್ಲು, ಕನ್ನಡಕ, ಸಾಹಸ ಕ್ರೀಡೆ, ಕುಡಿದಾಗ ಆದ ಅಪಘಾತ, ಇವು ಬಹುತೇಕ ಪಾಲಿಸಿಗಳಲ್ಲಿ ಹೊರಗೆ ಅಥವಾ ಅರೆಬರೆ. ಒಂದು ಸಲ ಓದಿಕೊಂಡರೆ ಸಾಕು.

ಕೊನೆಗೆ ನಿಮ್ಮ ಹಳೇ ಹೆಲ್ತ್ ಪಾಲಿಸಿ. ನಿಲ್ಲಿಸಬೇಡಿ. ಇಂಟರ್‌ನ್ಯಾಷನಲ್ ಪಾಲಿಸಿಯಲ್ಲಿ ಸ್ವದೇಶಕ್ಕೆ ಬಂದಾಗ ವರ್ಷಕ್ಕೆ ಇಷ್ಟೇ ದಿನ ಅಂತ ಮಿತಿ ಇರುವುದು ಮಾಮೂಲು. ಕಾಯಂ ವಾಪಸ್ ಬಂದರೆ ಅದು ಮುಗಿದೂ ಹೋಗಬಹುದು. ಮೂರು ವರ್ಷ ಬಿಟ್ಟು 57ರಲ್ಲಿ ಹೊಸ ಪಾಲಿಸಿಗೆ ಅರ್ಜಿ ಹಾಕಿದರೆ ವೇಟಿಂಗ್ ಪೀರಿಯಡ್, ಅಂದರೆ ಹಳೇ ಕಾಯಿಲೆಗೆ ದುಡ್ಡು ಸಿಗಲು ಕಾಯಬೇಕಾದ ಅವಧಿ, ಮೊದಲಿಂದ ಶುರು, ಸಕ್ಕರೆ ಕಾಯಿಲೆಗೆ ಆಗ ಒಂಬತ್ತು ವರ್ಷ. ದುಡ್ಡು ಉಳಿಸಲೇಬೇಕಾದರೆ ವಿಮೆಯ ಮೊತ್ತ ಕಡಿಮೆ ಮಾಡಿಸಿ, ಆದರೆ ಸರಪಳಿ ಕಡಿಯಬೇಡಿ. ವಿದೇಶದಲ್ಲಿ ವಾಸ ಮಾಡುತ್ತಿದ್ದೇನೆ ಅಂತ ಆ ಕಂಪನಿಗೂ ಬರೆದು ತಿಳಿಸಿ, ಅವರ ಉತ್ತರ ಇಟ್ಟುಕೊಳ್ಳಿ. ಪ್ರೀಮಿಯಂ ಕಟ್ಟುವ ಬ್ಯಾಂಕ್ ಖಾತೆ ಮತ್ತು ಅದಕ್ಕೆ ಒಟಿಪಿ ಬರುವ ಫೋನ್ ನಂಬರು ಹೊರಡುವ ಮೊದಲು ಚಾಲ್ತಿಯಲ್ಲಿ ಇದೆಯಾ ನೋಡಿಕೊಳ್ಳಿ. ಪಾಲಿಸಿ ನಿಂತುಹೋಗುವುದು ಎಷ್ಟೋ ಸಲ ದುಡ್ಡಿಲ್ಲದೆ ಅಲ್ಲ, ಊರಿನ ಸಿಮ್ ಬಂದ್ ಆಗಿ.